ನಾಲ್ಕೂ ಚಿತ್ರಕ್ಕೆ ಒಂದೊಂದು ಶಿಕ್ಕಾ

ಅವ್ವನಿಗೆ ಓಟು ಹಾಕುವುದನ್ನು ಕಲಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿಬಿಡುವ ಜಾತಿಯವಳು ನಾನು.

ತೊಂಬತ್ತರ ದಶಕದ ಮಾತು. ನಾನು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಬಾಡಿಗೆ ಕೋಣೆ ಹಿಡಿದು ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ. ಅವ್ವ ಕಮಲಾಪುರದಲ್ಲಿ ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿಯ ಜೊತೆ ಇದ್ದಳು. ಆ ಸಲದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಊರಿನ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ನಾಲ್ವರು ನಿಂತರು. ಅವರಲ್ಲಿ ಒಬ್ಬಳು ಏಳನೆಯ ತರಗತಿಯವರೆಗೆ ನನ್ನ ಪಕ್ಕದಲ್ಲೇ ಕೂತು ಓದಿದವಳು.

ಅವಳ ಮನೆ ನಮ್ಮ ಹಿಂದಿನ ಓಣಿಯಲ್ಲಿ, ಮನೆಮನೆಯಲ್ಲೂ ಬುದ್ಧನ ಪಟ ಇರುವ ಓಣಿ. ಊರಿನ ನೀರಿನ ಪೈಪು ನಮ್ಮ ಅಂಗಳದವರೆಗೆ ಬಂದು ನಿಂತುಬಿಟ್ಟಿತ್ತು. ಅಲ್ಲಿಂದ ಅವಳ ಓಣಿಗೆ ನೂರು ಹೆಜ್ಜೆಯೂ ಇರಲಿಲ್ಲ. ದಿನಾ ಬೆಳಿಗ್ಗೆ ಕೂಲಿಗೆ ಹೋಗುವ ಮುಂಚೆ ಅವಳು ಕೊಡ ಹಿಡಿದು ಬಂದು ನಿಲ್ಲುತ್ತಿದ್ದಳು. ನಳ ಮುಟ್ಟುವಂತಿಲ್ಲ. ನಮ್ಮ ಮನೆಯವರು ಯಾರಾದರೂ ಕೈ ಬಿಡುವಾದಾಗ ಬಂದು ತಂಬಿಗೆಯಿಂದ ಅವಳ ಕೊಡಕ್ಕೆ ಮೇಲಿನಿಂದ ಸುರಿಯಬೇಕು.

"ನನಗ ಮತ್ತೇನೂ ಬ್ಯಾಡ," ಎಂದಿದ್ದಳು ನನಗೆ. "ಆ ಪೈಪು ನಮ್ಮ ಓಣಿಗಿ ಒಯ್ದ್ರ ಸಾಕು. ನನ್ನ ಮಗಳು ಯಾರ ಅಂಗಳದಾಗೂ ಹಿಂಗ ಕೊಡ ಹಿಡ್ದು ನಿಂದರಬಾರ್ದು."

ನನ್ನ ಹೆಸರು ಕಲಬುರಗಿಯ ಪಟ್ಟಿಯಲ್ಲಿತ್ತು, ನಾನು ಅವಳಿಗೆ ಓಟು ಹಾಕುವಂತಿರಲಿಲ್ಲ. ಅಣ್ಣ, ವೈನಿ ಫ್ಯಾನಿನ ಗುರುತಿನವಳಿಗೆ ಮಾತು ಕೊಟ್ಟು ಕೂತಿದ್ದರು. ಉಳಿದವಳು ಅವ್ವ. ಅರವತ್ತು ದಾಟಿದ್ದರೂ ಅವಳು ಒಮ್ಮೆಯೂ ಓಟು ಹಾಕಿರಲಿಲ್ಲ. "ನಿನ್ನ ಒಂದು ಓಟಿನಿಂದ ಏನಾಗಬೇಕಾಗ್ಯದ?" ಎಂದು ಅಪ್ಪ ಒಬ್ಬರೇ ಹೋಗಿ ಬರುತ್ತಿದ್ದರು. ಅವರು ತೀರಿಕೊಂಡ ಮೇಲಂತೂ ಕೇಳುವವರೇ ಇಲ್ಲ.

ಮತದಾನಕ್ಕೆ ಎರಡು ದಿನ ಮುಂಚೆ ಬಸ್ಸು ಹಿಡಿದು ಊರಿಗೆ ಹೋದೆ. ಮಾಸ್ತರಿಕೆಯ ಬುದ್ಧಿ ಎಲ್ಲಿ ಹೋಗುತ್ತದೆ? ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಒಂದು ಹೊಲಿಗೆ ಮಶೀನು ಬರೆದೆ. ಅದು ಗೆಳತಿಯ ಗುರುತು. ಓಟಿನ ಚೀಟಿಗೆ ಒತ್ತುವ ಶಿಕ್ಕಾದ ಬದಲಿಗೆ ಔಷಧಿ ಬಾಟಲಿಯ ಮುಚ್ಚಳ. ಮಸಿ ಸಿಗಲಿಲ್ಲ, ದೇವರ ಮನೆಯ ಕುಂಕುಮವನ್ನೇ ನೀರಿನಲ್ಲಿ ಕಲಸಿದೆ. ಅವ್ವ ಮುಚ್ಚಳ ಅದ್ದುವ ಮೊದಲು ನನ್ನ ಮುಖ ನೋಡಿದಳು.

"ನಾ ಹಚ್ಚಬಹುದೇನ?"

"ಕಾಗದಕ್ಕ ಹಚ್ಚಿದ್ರ ಏನಾಗ್ತದವಾ? ಒತ್ತು ನೀ."

ಅಪ್ಪ ಹೋಗಿ ಹನ್ನೆರಡು ವರ್ಷವಾಗಿತ್ತು. ಅಷ್ಟೂ ವರ್ಷ ಅವಳು ಯಾರ ಹಣೆಗೂ ಕುಂಕುಮ ಹಚ್ಚಿರಲಿಲ್ಲ. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಮುತ್ತೈದೆಯರು ಪಡಸಾಲೆಯಲ್ಲಿ ಸಾಲಾಗಿ ಕೂತರೆ ಅವ್ವ ಅಡಿಗೆಮನೆಯ ಬಾಗಿಲ ಹಿಂದೆ ಇರುತ್ತಿದ್ದಳು. ಮುಂಚೆ ಅವಳೇ ಹಚ್ಚುತ್ತಿದ್ದಾಗ ಒಬ್ಬರನ್ನೂ ಬಿಡುತ್ತಿರಲಿಲ್ಲ. ಸಾಲಿನಲ್ಲಿ ಕೂತವಳನ್ನು ದಾಟಿ ಹೋಗುವುದೆಂದರೆ ಅವಳ ಮುಖಕ್ಕೆ ಹೊಡೆದ ಹಾಗೆ. ನನ್ನ ಗೆಳತಿ ಮಾತ್ರ ಆ ಸಾಲಿನಲ್ಲಿ ಎಂದೂ ಕೂತವಳಲ್ಲ. ಅವಳಿಗೆ ಅಂಗಳದಲ್ಲೇ ಕುಸುರೆಳ್ಳಿನ ಪೊಟ್ಟಣ ಕೈಗೆ ಬೀಳುತ್ತಿತ್ತು.

ಇದೊಂದೂ ನನಗೆ ಆಗ ಹೊಳೆಯಲಿಲ್ಲ. ನನ್ನ ಲಕ್ಷ್ಯವೆಲ್ಲ ಚೀಟಿ ಮಡಚುವುದರ ಮೇಲೆ. ಹಸಿ ಮಸಿ ಇನ್ನೊಂದು ಚಿತ್ರಕ್ಕೆ ಹತ್ತಿದರೆ ಓಟು ಕೆಡುತ್ತದೆ, ಮೊದಲು ಉದ್ದಕ್ಕೆ ಮಡಚು ಎಂದು ಹತ್ತು ಸಲ ಮಾಡಿಸಿದೆ. ಒಬ್ಬರಿಗೆ ಮಾತ್ರ ಒತ್ತಬೇಕು ಎಂದು ಒಂದು ಸಲವೂ ಹೇಳಲಿಲ್ಲ. ಅಷ್ಟೂ ಗೊತ್ತಿಲ್ಲದವರು ಇರುತ್ತಾರೆಯೇ ಎಂಬ ಕಲಿತವಳ ಸೊಕ್ಕು.

ಮತದಾನದ ದಿನ ಅವ್ವ ಮಡಚಿಟ್ಟಿದ್ದ ಒಳ್ಳೆಯ ಸೀರೆ ಉಟ್ಟು ಬಂದಳು. ಓಟು ಹಾಕಿ ಹೊರಗೆ ಬಂದಾಗ ಬೆರಳಿನ ಮಸಿಯನ್ನು ಪದೇ ಪದೇ ನೋಡಿಕೊಳ್ಳುತ್ತಿದ್ದಳು. ಮನೆಯ ದಾರಿಯಲ್ಲಿ ಕೇಳಿದೆ.

"ಹೊಲಿಗಿ ಮಶೀನಿಗೇ ಒತ್ತಿದಿಲ್ಲೋ?"

"ಮೊದಲು ಅಕಿಗೇ ಒತ್ತಿದೆ. ಭಾಳ ಛಂದ ಬಿತ್ತು."

"ಮೊದಲು ಅಂದ್ರ?"

"ಉಳಿದ ಮೂವರೂ ಅಲ್ಲೇ ಸಾಲಿಗೆ ಕೂತಾರಲ್ಲ, ಅವರನ್ನ ಹ್ಯಾಂಗ ಬಿಟ್ಟು ಬರ್ಲಿ? ನೋಡ್ಲಿಕ್ಕೆ ಒಳಗ ಯಾರೂ ಇದ್ದಿಲ್ಲ. ನಾಕೂ ಮಂದಿಗೆ ಹಚ್ಚಿ ಬಂದೆ."

ಸಿಟ್ಟು ನೆತ್ತಿಗೇರಿತು. ಬೈಯಬೇಕೆಂದು ಬಾಯಿ ತೆರೆದೆ. ಅವಳ ಮುಖದಲ್ಲಿ ಹನ್ನೆರಡು ವರ್ಷ ನಾನು ಕಾಣದಿದ್ದ ಖುಷಿಯಿತ್ತು. ಡಬ್ಬಿಗೆ ಬಿದ್ದ ಚೀಟಿಯನ್ನು ಯಾರೂ ತೆಗೆದುಕೊಡುವುದಿಲ್ಲ. ಒಂದು ಓಟಿನಿಂದ ಏನಾಗುತ್ತದೆ ಎಂದು ಅಪ್ಪನ ಮಾತನ್ನೇ ನನಗೆ ನಾನು ಹೇಳಿಕೊಂಡೆ.

ಎಣಿಕೆ ಕಲಬುರಗಿಯಲ್ಲಿ ನಡೆಯಿತು. ರಜೆ ಹಾಕಿ ಗೇಟಿನ ಹೊರಗೆ ನಿಂತಿದ್ದೆ. ಮಧ್ಯಾಹ್ನ ಗೆಳತಿ ಹೊರಗೆ ಬಂದಳು. ಅವಳಿಗೂ ಫ್ಯಾನಿನವಳಿಗೂ ಸಮ ಸಮ ಓಟು ಬಿದ್ದಿದ್ದವು. ಮತ್ತೆ ಎಣಿಸಿದರು, ಅಷ್ಟೇ ಬಂತು. ಕೊನೆಗೆ ಇಬ್ಬರ ಹೆಸರು ಬರೆದು ಚೀಟಿ ಎತ್ತಿದರು. ಬಂದದ್ದು ಫ್ಯಾನಿನವಳ ಹೆಸರು.

"ಕೆಟ್ಟ ಓಟು ಒಂದಿತ್ತು, ತೋರ್ಸಿದ್ರು," ಎಂದಳು. "ನಾಕೂ ಮಂದಿಗಿ ಒತ್ಯಾರ. ಅದ್ರಾಗ ನಂದು ಎಷ್ಟು ನೆಟ್ಟಗ ಬಿದ್ದಿತ್ತಂತಿ! ಯಾರೋ ಪಾಪ, ಯಾರ ಮನಸ್ಸೂ ನೋಯಬಾರ್ದು ಅಂದಿರ್ಬೇಕು."

ನಾನು ಅವಳ ಕೈ ಹಿಡಿದುಕೊಂಡು ನಿಂತೆ. ಆ ಓಟು ಅವ್ವನದೆಂದು ಇವತ್ತಿನವರೆಗೂ ಹೇಳಿಲ್ಲ. ಹೇಳಿ ಅವ್ವನನ್ನು ಉಳಿಸಲಾರೆ, ಹೇಳದೆ ಗೆಳತಿಯ ಮುಖ ನೋಡಲಾರೆ. ಅವತ್ತು ಅವಳನ್ನು ಕಮಲಾಪುರದ ಬಸ್ಸಿಗೆ ಹತ್ತಿಸಿ ಕೋಣೆಗೆ ಬಂದು ಅತ್ತೆ.

ಮುಂದಿನ ಸಂಕ್ರಾಂತಿಗೆ ಊರಿಗೆ ಹೋದೆ. ವೈನಿ ಪಡಸಾಲೆಯಲ್ಲಿ ಸಾಲಾಗಿ ಕೂತವರಿಗೆ ಕುಂಕುಮ ಹಚ್ಚುತ್ತಿದ್ದಳು. ಗೆದ್ದ ಫ್ಯಾನಿನವಳು ಮೊದಲನೆಯವಳಾಗಿ ಕೂತಿದ್ದಳು. ಅಂಗಳದಲ್ಲಿ ಗೆಳತಿ ನಿಂತಿದ್ದಳು, ಪಕ್ಕದಲ್ಲಿ ಅವಳ ಮಗಳು. ಇಬ್ಬರ ಕೈಯಲ್ಲೂ ಕೊಡ.

ಅವ್ವ ಅಡಿಗೆಮನೆಯ ಬಾಗಿಲಿನಿಂದ ಅವರನ್ನು ನೋಡಿದಳು, ಆಮೇಲೆ ನನ್ನನ್ನು.

"ಅಕಿನ್ನ ಒಳಗ ಕರೀಲೇನ?" ಎಂದಳು ಮೆಲ್ಲಗೆ.

ನಾನು ವೈನಿಯ ಕಡೆ ನೋಡಿದೆ, ಕೂತ ಸಾಲನ್ನು ನೋಡಿದೆ. ತಂಬಿಗೆ ತೆಗೆದುಕೊಂಡು ಅಂಗಳಕ್ಕೆ ಇಳಿದು, ಮಗಳ ಕೊಡಕ್ಕೆ ಮೇಲಿನಿಂದ ನೀರು ಸುರಿದೆ.