ಗಿಟಾರಿಗೂ ಒಂದು ಆಯ

ನನಗೆ ಯಾರನ್ನು ಕಂಡರೂ ತಾತ್ಸಾರ ಎಂದು ನನ್ನ ಹೆಂಡತಿ ವಿಮಲಾ ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾಳೆ. ಇದು ಅನ್ಯಾಯದ ಮಾತು. ತಿಳಿಯದೆ ಮಾತಾಡುವವರನ್ನು ಕಂಡರೆ ಮಾತ್ರ ನನಗೆ ತಾತ್ಸಾರ. ಅಂಥವರು ನಮ್ಮ ಅಜ್ಜಂಪುರದಲ್ಲಿ ಇದ್ದಾರೆ, ನಾನು ಪಾಠ ಹೇಳುವ ತರೀಕೆರೆಯಲ್ಲಿ ಇನ್ನೂ ಇದ್ದಾರೆ, ಕಡೂರಿನ ವಿಷಯ ಎತ್ತದಿರುವುದೇ ವಾಸಿ. ಇದರಲ್ಲಿ ನನ್ನ ತಪ್ಪೇನು ಹೇಳಿ? ನಾನು ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ದಿನವೆಲ್ಲ ತಪ್ಪು ಉತ್ತರಗಳಿಗೆ ಕೆಂಪು ಗೀಟು ಎಳೆದೂ ಎಳೆದೂ, ಸಂಜೆ ಬಸ್ಸು ಹತ್ತಿದ ಮೇಲೂ ಕೈ ಸುಮ್ಮನಿರುವುದಿಲ್ಲ.

ಇಂಥ ನಾನು ಹೋದ ವರ್ಷ ಒಂದು ಗಿಟಾರು ಮಾಡಿದೆ. ಕೊಂಡದ್ದಲ್ಲ ಸ್ವಾಮಿ, ಕೈಯಾರೆ ಮಾಡಿದ್ದು. ಅದಕ್ಕೆ ಮೊದಲು ನಾನು ಮರದಲ್ಲಿ ಮಾಡಿದ್ದೆಂದರೆ ಒಂದೇ ಒಂದು ಊಟದ ಮಣೆ. ಅದರ ಮೇಲೆ ಕೂತವರು ಇವತ್ತಿಗೂ ಎಡಕ್ಕೆ ವಾಲುತ್ತಾರೆ. ನೆಲ ಸಮ ಇಲ್ಲ ಎಂದು ನಾನು ಹೇಳುತ್ತೇನೆ. ಕುಣಿಯಕ್ಕೆ ಬರದವಳು ಏನೋ ಅಂದಳಂತಲ್ಲ, ಆ ಗಾದೆಯನ್ನು ವಿಮಲಾ ಅರ್ಧ ಹೇಳಿ ಒಳಗೆ ಹೋಗುತ್ತಾಳೆ.

ಗಿಟಾರಿಗೆ ಕಾರಣವೂ ಅವಳೇ. ತರೀಕೆರೆಯ ತವರಿನಲ್ಲಿ ಹುಡುಗಿಯಾಗಿದ್ದಾಗ ಯಾವುದೋ ಮದುವೆಯ ಆರ್ಕೆಸ್ಟ್ರಾದಲ್ಲಿ ಗಿಟಾರು ಕಂಡು, ನಾನೂ ಕಲೀತೀನಿ ಅಂದಿದ್ದಳಂತೆ. "ಹೆಣ್ಮಕ್ಳು ಅದನ್ನ ತೊಡೆ ಮೇಲಿಟ್ಕಂಡು ಕೂತ್ರೆ ನೋಡೋರು ಏನಂದಾರು? ಹಾರ್ಮೋನಿಯಂ ಕಲಿ" ಅಂದರಂತೆ ನಮ್ಮ ಮಾವ. ಅವಳು ಎರಡನ್ನೂ ಕಲಿಯಲಿಲ್ಲ. ಈಗ ಐವತ್ತೆರಡನೆಯ ವಯಸ್ಸಿನಲ್ಲಿ, ಬೀರೂರಿನ ನಿವೃತ್ತ ರೈಲ್ವೆ ಗಾರ್ಡೊಬ್ಬರು ಕಲಿಸುತ್ತಾರೆಂದು ಕೇಳಿ, ಭಾನುವಾರ ಭಾನುವಾರ ರೈಲು ಹತ್ತಿ ಹೊರಟಳು. ನೈಲಾನ್ ತಂತಿಯ, ಬೆರಳಲ್ಲೇ ಮೀಟುವ ಕ್ಲಾಸಿಕಲ್ ಗಿಟಾರು. ನಾನು ನಕ್ಕೆ, ನಗುವುದು ನನ್ನ ಜಾಯಮಾನ. ಆದರೆ "ನಿಮ್ಮ ಕಿವಿ ಬಹಳ ಚುರುಕು" ಎಂದು ಗಾರ್ಡ್ ಸಾರ್ ಹೇಳಿದ ದಿನ ಅವಳು ಮನೆಗೆ ಬಂದದ್ದನ್ನು ನೀವು ನೋಡಬೇಕಿತ್ತು. ಕಾಫಿಗೆ ಸಕ್ಕರೆಯನ್ನು ಎರಡು ಸಲ ಹಾಕಿದಳು. ನಾನು ತುಟಿ ಪಿಟಕ್ಕೆನ್ನದೆ ಕುಡಿದೆ.

ಮನೆಯಲ್ಲಿ ಅಭ್ಯಾಸ ಮಾಡಲು ಒಂದು ವಾದ್ಯ ಬೇಕಾಯಿತು. ಕಡೂರಿನ ಅಂಗಡಿಗೆ ಹೋದೆವು. ಅವನು ತೋರಿಸಿದ್ದು ಬೆಂಕಿಯ ಚಿತ್ರ ಬರೆದ ಪ್ಲೈವುಡ್ ಡಬ್ಬ. ಬಡಿದರೆ ಖಾಲಿ ಸೀಮೆಎಣ್ಣೆ ಡಬ್ಬವೇ ವಾಸಿ ಅನ್ನಿಸುವಂಥ ನಾದ. "ಇದಕ್ಕಿಂತ ನಾನೇ ಚೆನ್ನಾಗಿ ಮಾಡ್ತೀನಿ" ಎಂದುಬಿಟ್ಟೆ. ಗಂಡಂದಿರು ಇಂಥ ಮಾತನ್ನು ದಿನಕ್ಕೊಂದು ಆಡುತ್ತಾರೆ, ಹೆಂಡಂದಿರು ಮರೆತು ಮಾನ ಉಳಿಸುತ್ತಾರೆ. ವಿಮಲಾ ಮರೆಯಲಿಲ್ಲ. ಮನೆಗೆ ಬಂದವಳೇ ಮದುವೆಯಲ್ಲಿ ತವರಿನಿಂದ ಬಂದ ಹಲಸಿನ ಮಂಚದ ತಲೆಕಡೆಯ ಹಲಗೆಯನ್ನು ಬಿಚ್ಚಿಸಿ ನನ್ನ ಮುಂದೆ ನಿಲ್ಲಿಸಿದಳು.

"ಇದೊಂದೇ ಹಲಗೆ ಕಣ್ರೀ ಇರೋದು. ನಮ್ಮಪ್ಪ ಎದುರಿಗೆ ನಿಂತು ಮಾಡಿಸಿದ್ದು. ನೋಡ್ಕಂಡು ಕುಯ್ಯಿಸಿ" ಅಂದಳು. ಅಪ್ಪ ಬೇಡವೆಂದ ವಾದ್ಯವನ್ನು ಅಪ್ಪನ ಮಂಚದಿಂದಲೇ ಮಾಡಿಸುವುದರಲ್ಲಿ ಎಷ್ಟು ಪ್ರೀತಿ, ಎಷ್ಟು ಸೇಡು ಎಂದು ನಾನು ಕೇಳಲಿಲ್ಲ.

ಹಲಸು ವೀಣೆಯ ಮರ. ನಮ್ಮವರು ಅದರ ನಾದವನ್ನು ಎಂದೋ ಕಂಡುಕೊಂಡಿದ್ದರು. ಆದರೆ ವೀಣೆ ಮಾಡುವವರು ಬಾಯಿ ಬಿಡುವುದಿಲ್ಲ, ಗಿಟಾರು ಮಾಡುವವರು ಬಾಯಿ ಮುಚ್ಚುವುದಿಲ್ಲ. ಯೂಟ್ಯೂಬಿನಲ್ಲಿ ಗಡ್ಡದ ದೊರೆಗಳು ಒಬ್ಬೊಬ್ಬರೂ ಒಂದೊಂದು ಷೆಡ್ಡಿನಲ್ಲಿ ಕೂತು, ಹಲಗೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿ ಕಣ್ಣು ಮುಚ್ಚುತ್ತಾರೆ. ಮರ ಅವರಿಗೆ ಏನೋ ಹೇಳುತ್ತದಂತೆ! ನಾನೂ ತಟ್ಟಿದೆ. ನನಗೆ ಅದು ಏನೂ ಹೇಳಲಿಲ್ಲ. ಸಾಮಿಲ್ಲಿನಲ್ಲಿ ಗಿಟಾರಿನ ಪಕ್ಕೆಗೆಂದು ಸೀಳಿಸಿ ತಂದ ತೆಳು ಪಟ್ಟಿಯನ್ನು ಬಿಸಿ ಕೊಳವೆಗೆ ಒತ್ತಿ ಬಗ್ಗಿಸಹೋದಾಗ ಮಾತ್ರ ಪಟಾರನೆ ಒಂದು ಮಾತು ಹೇಳಿತು. ಹೆಚ್ಚಿಗೆ ಸೀಳಿಸಿದ್ದು ಒಂದೇ ಪಟ್ಟಿ, ಅದು ಅಲ್ಲಿಗೆ ಮುಗಿಯಿತು. ದಾರಿಹೋಕರ ಸಲಹೆಗಳಿಗಂತೂ ಬರವಿರಲಿಲ್ಲ. "ಪಿಟೀಲಾ ಸಾರ್?" ಎಂದು ಒಬ್ಬ. "ತೊಟ್ಟಿಲಾ ಮೇಷ್ಟ್ರೇ, ಮೊಮ್ಮಗು ಬತ್ತದಾ?" ಎಂದು ಇನ್ನೊಬ್ಬ. "ಇಷ್ಟು ಕಷ್ಟ ಯಾಕೆ, ಕೊಂಡ್ರೆ ಸಿಗಲ್ವಾ?" ಎಂದು ಮೂರನೆಯವನು. ಇವರಿಗೆಲ್ಲ ಮತದಾನದ ಹಕ್ಕಿದೆ.

ನಾನು ಕೆಲಸ ಮಾಡುತ್ತಿದ್ದದ್ದು ರೈಲ್ವೆ ಗೇಟಿನ ಹತ್ತಿರ ರುದ್ರಾಚಾರ್ರ ಬಡಗಿ ಅಂಗಡಿಯಲ್ಲಿ. ಉಳಿ, ಕೀಸುಳಿ ಎಲ್ಲ ಅವರದೇ. ಜೊತೆಗೆ ಅವರ ಮೌನವೂ ಸಿಗುತ್ತಿತ್ತು. ನಾನು ಕೀಸುಳಿ ಹಿಡಿದಾಗ ಅವರು ಬೇರೆ ಕಡೆ ನೋಡುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ನಾನು ರಾಜ: ಲೆಕ್ಕ. ಗಿಟಾರಿನ ಕತ್ತಿನ ಮೇಲೆ ಸ್ವರಕ್ಕೊಂದರಂತೆ ಅಡ್ಡಡ್ಡ ಲೋಹದ ಮೆಟ್ಟುಗಳಿರುತ್ತವಲ್ಲ, ಅವು ಕಣ್ಣಳತೆಯಲ್ಲಿ ಕೂರುವಂಥವಲ್ಲ. ಉಳಿದ ತಂತಿಯ ಉದ್ದವನ್ನು ಹದಿನೆಂಟು ಭಾಗ ಮಾಡಿ ಒಂದು ಭಾಗ ಮುಂದೆ ಹೋಗು, ಮತ್ತೆ ಉಳಿದದ್ದನ್ನು ಹದಿನೆಂಟು ಮಾಡು ಎಂಬುದು ಹಳೆಯ ಕುಶಲಕರ್ಮಿಗಳ ಸೂತ್ರ. ನಿಜವಾದ ಸಂಖ್ಯೆ ಹದಿನೆಂಟಕ್ಕೆ ತುಸು ಕಡಿಮೆ. ಅದನ್ನು ನಾನು ದಶಮಾಂಶದ ಮೂರು ಸ್ಥಾನದವರೆಗೆ ಹಿಡಿದು, ಆರುನೂರ ಐವತ್ತು ಮಿಲಿಮೀಟರ್ ತಂತಿಗೆ ಎಲ್ಲ ಮೆಟ್ಟುಗಳನ್ನೂ ಕೂರಿಸಿದೆ. ಕೊನೆಗೆ ಉಳಿದದ್ದು ಕುದುರೆ, ಅಂದರೆ ತಂತಿಗಳು ಹತ್ತಿ ಕೂರುವ ಮರದ ಪಟ್ಟಿ. ಅದಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿದೆ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಪ್ರಬಂಧವಿರುತ್ತಿರಲಿಲ್ಲ. ನಮ್ಮ ಕಡೆ ಬಾಗಿಲಿಗೆ, ಮಂಚಕ್ಕೆ, ತೊಟ್ಟಿಲಿಗೆ ಆಯ ನೋಡದೆ ಉಳಿ ಇಡುವುದಿಲ್ಲ. ಅಳತೆಯನ್ನು ಏನೇನೋ ಗುಣಿಸಿ ಎಂಟರಿಂದ ಭಾಗಿಸುತ್ತಾರೆ. ಶೇಷ ಬೆಸ ಬಂದರೆ ಬಾವುಟ, ಸಿಂಹ, ಎತ್ತು, ಆನೆ, ಎಲ್ಲ ಶುಭ. ಸರಿ ಬಂದರೆ ಹೊಗೆ, ನಾಯಿ, ಕತ್ತೆ, ಕಾಗೆ. ಭಾಗಾಕಾರದ ಶೇಷದಲ್ಲಿ ಕತ್ತೆ ಬರುವುದನ್ನು ಕುರಿತು ನಾನು ತರಗತಿಯಲ್ಲಿ ಎಷ್ಟು ವರ್ಷ ಮಕ್ಕಳನ್ನು ನಗಿಸಿದ್ದೇನೋ! ಆ ದಿನವೂ ನಗಲೆಂದೇ ಕೇಳಿದೆ: "ಆಚಾರ್ರೇ, ಈ ತಂತಿಗೆ ಯಾವ ಪ್ರಾಣಿ ಬತ್ತದೆ ನೋಡಿ." ಆಚಾರ್ರು ನಗಲಿಲ್ಲ. ಮನಸ್ಸಿನಲ್ಲೇ ಗುಣಿಸಿ, "ನಾಯಿ ಬತ್ತದೆ ಮೇಷ್ಟ್ರೇ. ಅರ್ಧ ಇಂಚು ಹಿಂದಕ್ಕೆ ಹೋದ್ರೆ ಎತ್ತು" ಎಂದು ಕೀಸುಳಿ ಎತ್ತಿಕೊಂಡರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮರುದಿನ ಭಾನುವಾರ. ವಿಮಲಾ ಬೀರೂರಿಗೆ ಹೋಗಿದ್ದಳು. ಮಧ್ಯಾಹ್ನ ಕುದುರೆಗೆ ಅಂಟು ಸವರಿ ಹಿಡಿದು ನಿಂತೆ. ಯಾಕೋ ಕೈ ಇಳಿಯಲಿಲ್ಲ. ಇದೊಂದೇ ಹಲಗೆ ಕಣ್ರೀ ಅಂದಿದ್ದಳಲ್ಲ. ನಾಯಿ ಎಂಬ ಮಾತು ಕಿವಿಯಲ್ಲಿ ಬೊಗಳತೊಡಗಿತು. ನಾನು ನಂಬುವುದಿಲ್ಲ, ಸರಿ. ಆದರೆ ಆಗುವುದೇನಾದರೂ ಆದರೆ ಆಗುವುದು ಅವಳ ಆಸೆಗೆ ತಾನೇ? ನನಗೆ ಭಯವಾಯಿತು. ಇಷ್ಟುದ್ದದ ಗಿಟಾರಿನಲ್ಲಿ ಅರ್ಧ ಇಂಚು ಯಾವ ಲೆಕ್ಕ ಎಂದುಕೊಂಡೆ. ದಶಮಾಂಶದ ಚುಕ್ಕೆ ತಪ್ಪಿದ್ದಕ್ಕೆ ಮಕ್ಕಳಿಗೆ ಸೊನ್ನೆ ಹಾಕಿದ ಮಹಾನುಭಾವ ನಾನು! ನಾಯಿಗೆ ಹೆದರಿ ಕುದುರೆಯನ್ನು ಎತ್ತಿನ ಜಾಗದಲ್ಲಿ ಕಟ್ಟಿದೆ.

ಮೆಟ್ಟುಗಳು ಒಂದು ಲೆಕ್ಕದಲ್ಲಿ, ಕುದುರೆ ಇನ್ನೊಂದು ಲೆಕ್ಕದಲ್ಲಿ. ಬರೀ ತಂತಿ ಮೀಟಿದರೆ ಜೇನು. ಬೆರಳು ಕತ್ತಿನ ಮೇಲೆ ಏರಿದಂತೆಲ್ಲ ಸ್ವರ ಇಳಿದು ಇಳಿದು ಹುಳಿಯಾಗುತ್ತಿತ್ತು. ವಿಮಲಾ ನಾಲ್ಕು ದಿನ ನುಡಿಸಿದಳು. ತಂತಿ ಬಿಗಿದಳು, ಸಡಿಲಿಸಿದಳು. ಐದನೆಯ ದಿನ, "ಗಿಟಾರು ಚೆನ್ನಾಗೇ ಮಾಡಿದೀರ ಕಣ್ರೀ. ನನ್ನ ಕಿವೀನೇ ಸರಿಯಿಲ್ಲ. ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು" ಎಂದು ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟಳು.

ನಾನು ಏನಾದರೂ ಅನ್ನಬೇಕಿತ್ತು. ಅಂದೆ: "ಆಚಾರ್ರ ಅಂಟು ಸರಿಯಿಲ್ಲ ಅನ್ಸುತ್ತೆ." ಥೂ! ನಿಜ ಹೇಳಲು ನಾಲಿಗೆ ಏಳಲಿಲ್ಲ. ಅವಳು ರಾಹುಕಾಲ ನೋಡಿದಾಗ, ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಾಗ, ಮೂವತ್ತು ವರ್ಷ ಮೂಗು ಮುರಿದವನು ನಾನು. ಆ ಮೂಗನ್ನು ಈಗ ಎಲ್ಲಿಟ್ಟುಕೊಳ್ಳಲಿ?

ಅದಾದ ಮೇಲೆ ಬಂದ ಭಾನುವಾರ ಅವಳು ಬೀರೂರಿಗೆ ಹೋಗಲಿಲ್ಲ. ಮುಂದಿನ ಭಾನುವಾರವೂ ಹೋಗಲಿಲ್ಲ. ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ರೈಲು ಕೂಗಿತು. ತಲೆ ಎತ್ತಿ ಕೇಳಿ, ಮತ್ತೆ ಬಗ್ಗಿ ಕಲ್ಲು ಹುಡುಕತೊಡಗಿದಳು. ನನಗೆ ತಡೆಯಲಾಗಲಿಲ್ಲ.

"ವಿಮಲಾ, ನಿನ್ನ ಕಿವಿ ಸರಿಯಾಗಿದೆ. ಕುದುರೆ ಸರಿಯಿಲ್ಲ. ಅರ್ಧ ಇಂಚು ಹಿಂದಕ್ಕೆ ಅಂಟಿಸಿದವನು ನಾನೇ."

"ಯಾಕ್ರೀ?"

"ನಾಯಿ ಆಯ ಬಂದಿತ್ತು."

ಅವಳು ನನ್ನನ್ನು ಹೊಸಬನನ್ನು ನೋಡಿದ ಹಾಗೆ ನೋಡಿದಳು. ಆಮೇಲೆ ಶುರುವಾಯಿತು ನಗು. ಮೊರ ಜಾರಿ ಅಕ್ಕಿಯೆಲ್ಲ ನೆಲಕ್ಕೆ. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, "ಇಷ್ಟು ದಿನ ನನ್ನ ಕಿವಿ ಕೆಟ್ಟಿದೆ ಅಂದ್ಕಂಡಿದ್ನಲ್ರೀ. ಸುಮ್ನೆ ನೋಡ್ತಾ ಕೂತಿದ್ರಲ್ಲ" ಅಂದಳು. ನಾನು ಕೂತು ಅಕ್ಕಿ ಬಳಿದೆ.

ಗಿಟಾರನ್ನು ಹೊತ್ತು ಆಚಾರ್ರ ಹತ್ತಿರ ಹೋದೆವು. ಅವರು ಕುದುರೆಯನ್ನು ನೋಡಿದರು, ನನ್ನನ್ನು ನೋಡಿದರು. "ಆಯ ನೋಡೋದು ಮರದ ಮೈಗೆ ಮೇಷ್ಟ್ರೇ. ಮಂಚಕ್ಕೆ ನೋಡ್ತೀವಿ, ಅದಕ್ಕೆ ಹೆಣೆದ ಹಗ್ಗಕ್ಕೆ ನೋಡ್ತೀವಾ? ನೀವು ತಂತಿ ಅಳತೆ ಕೊಟ್ಟು ಕೇಳಿದ್ರಿ, ಬಂದಿದ್ದು ಹೇಳಿದೆ. ಮೈಗೆ ನಾನು ಮೊದಲ್ನೇ ದಿನವೇ ನೋಡಿದ್ದೆ. ಬಾವುಟ, ಶುಭ" ಎಂದರು. ಅಲ್ಲಿಗೆ ನನಗೆ ಲೆಕ್ಕವೂ ಬರಲಿಲ್ಲ, ಶಾಸ್ತ್ರವೂ ಬರಲಿಲ್ಲ ಎಂದು ಇತ್ಯರ್ಥವಾಯಿತು. ಇಷ್ಟು ವರ್ಷದಲ್ಲಿ ನಾನು ಕಂಡ ತಿಳಿಯದೆ ಮಾತಾಡುವವರ ಪೈಕಿ ಅಗ್ರಗಣ್ಯನನ್ನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಯೂ ಗುರುತು ಹಿಡಿದಿರಲಿಲ್ಲ.

ಆಚಾರ್ರು ಒದ್ದೆ ಬಟ್ಟೆ, ಇಸ್ತ್ರಿಪೆಟ್ಟಿಗೆ, ಒಂದು ತೆಳು ಚಾಕು ಹಿಡಿದು, ಅರ್ಧ ದಿನ ಉಸಿರು ಬಿಗಿಹಿಡಿದು ಕುದುರೆಯನ್ನು ಎಬ್ಬಿಸಿದರು. ನನ್ನ ಪೆನ್ಸಿಲ್ ಗುರುತಿನ ಮೇಲೇ ಮತ್ತೆ ಕೂರಿಸಿದರು. ವಿಮಲಾ ಈಗ ಭಾನುವಾರ ಅರ್ಧ ಗಂಟೆ ಮುಂಚೆಯೇ ಸ್ಟೇಷನ್ನಿನಲ್ಲಿರುತ್ತಾಳೆ. ಸಂಜೆ ಪಡಸಾಲೆಯಲ್ಲಿ ನನ್ನ ಮಣೆಯ ಮೇಲೆ ಎಡಕ್ಕೆ ವಾಲಿ ಕೂತು ನುಡಿಸುತ್ತಾಳೆ. ಗಿಟಾರು ಹಿಡಿಯಲು ಆ ವಾಲಿಕೆಯೇ ಅನುಕೂಲವಂತೆ.

ಕುದುರೆಯ ಹಿಂದೆ ಅರ್ಧ ಇಂಚು ಅಗಲಕ್ಕೆ ಹಳೆಯ ಅಂಟಿನ ಕಲೆ ಉಳಿದಿದೆ. ಉಜ್ಜಿ ಪಾಲಿಶ್ ಹೊಡೆಯುತ್ತೇನೆಂದರೆ ಅವಳು ಮುಟ್ಟಗೊಡುವುದಿಲ್ಲ. ಮನೆಗೆ ಬಂದವರು, ಇಷ್ಟು ಚಂದದ ಗಿಟಾರಿಗೆ ಇದೇನಿದು ಗಾಯ ಎಂದು ಕೇಳಿದರೆ, ನನ್ನ ಕಡೆ ತಿರುಗಿಯೂ ನೋಡದೆ ತಂತಿ ಬಿಗಿಯುತ್ತ ಹೇಳುತ್ತಾಳೆ: "ಅದಾ? ನಮ್ಮನೆಯವರು ಇಲ್ಲದ ನಾಯಿಗೆ ಹೆದರಿ ಓಡಿದ ಗುರುತು. ನನಗೋಸ್ಕರ ಓಡಿದ್ದು, ಇರ್ಲಿ ಬಿಡಿ."