ಮೀಟರಿಗೆ ಎರಡು ಸಾಕ್ಷಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗೋಕಾಕದ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಕರೆಂಟಿನ ಕೆಲಸ ಮಾಡುವವರಿಗೆ ಸ್ವಲ್ಪ ಸಿಟ್ಟು ಇರಲೇಬೇಕು. ಇಲ್ಲದಿದ್ದರೆ ಮಂದಿ "ಏನೂ ಆಗೂದಿಲ್ಲ ತಗೋರಿ ಅಕ್ಕಾರ, ಕೈ ಹಾಕ್ರಿ" ಎನ್ನುತ್ತಲೇ ನಮ್ಮ ಕೈಯನ್ನು ತಂತಿಗೆ ದಾನ ಮಾಡಿಬಿಡುತ್ತಾರೆ. ಆದರೆ ಈಗ ಹೇಳಹೊರಟಿರುವ ಸಿಟ್ಟು ಆ ಜಾತಿಯದಲ್ಲ. ಇದು ನನ್ನ ಜೀವದ ಗೆಳತಿಯ ಮೇಲಿನದು, ಇನ್ನೂ ಆರಿಲ್ಲ.

ನಾವಿಬ್ಬರೂ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿತವರು. ತರಗತಿಯಲ್ಲಿ ಹುಡುಗಿಯರೆಂದರೆ ನಾವಿಬ್ಬರೇ. ಕಲಿತು ಮುಗಿಸಿ ಗೋಕಾಕದಲ್ಲಿ ಪಂಪಿನ ಮೋಟಾರು, ಸ್ಟಾರ್ಟರ್ ಪೆಟ್ಟಿಗೆ, ಮಿಕ್ಸರು ರಿಪೇರಿ ಮಾಡುವ ಅಂಗಡಿ ಇಟ್ಟೆವು. ಒಂದೇ ಕಂಪನಿಯ, ಒಂದೇ ಅಚ್ಚಿನ ಎರಡು ಡಿಜಿಟಲ್ ಮಲ್ಟಿಮೀಟರ್ ತಂದೆವು, ನನಗೊಂದು, ಅವಳಿಗೊಂದು. ಕಪ್ಪು ಮೈ, ನಡುವೆ ತಿರುಗಿಸುವ ಗುಂಡಿ, ಕೆಳಗೆ ಕೆಂಪು ವೈರು, ಕರಿ ವೈರು ಚುಚ್ಚುವ ತೂತುಗಳು. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ, ಇದ್ದರೆ ಎಷ್ಟು ಎಂದು ಅಂಕಿಯಲ್ಲಿ ಹೇಳುತ್ತದೆ. ಅದು ಸೊನ್ನೆ ಎಂದರೆ ನಾವು ಬರಿಗೈ ಹಾಕುತ್ತೇವೆ. ಅಂದರೆ ಜೀವವನ್ನೇ ಅದರ ಮಾತಿನ ಮೇಲೆ ಇಡುತ್ತೇವೆ.

ಅದಕ್ಕೇ ನಾನು ನನ್ನ ಮೀಟರನ್ನು ಎಳೆಗೂಸಿನ ಹಾಗೆ ನೋಡಿಕೊಳ್ಳುತ್ತಿದ್ದೆ. ಕೆಲಸ ಮುಗಿದೊಡನೆ ಗುಂಡಿಯನ್ನು ಆಫ್ ಮಾಡಬೇಕು. ವೈರನ್ನು ಬಿಗಿಯಾಗಿ ಸುತ್ತಿಡಬಾರದು, ಒಳಗೊಳಗೇ ಮುರಿಯುತ್ತದೆ. ಪರದೆಯ ಮೂಲೆಯಲ್ಲಿ ಬ್ಯಾಟರಿಯ ಗುರುತು ಮೂಡಿದರೆ ಅವತ್ತೇ ಬ್ಯಾಟರಿ ಬದಲಿಸಬೇಕು, ನಾಳೆ ನೋಡೋಣ ಎಂದರೆ ಅಂಕಿ ತಪ್ಪು ಬರಲು ಶುರುವಾಗುತ್ತದೆ. ಒರೆಸುವುದು ಒಣ ಬಟ್ಟೆಯಲ್ಲಿ ಮಾತ್ರ. ಇಷ್ಟೆಲ್ಲ ಮಾಡಿಯೂ ಅದನ್ನು ಕಣ್ಣುಮುಚ್ಚಿ ನಂಬಬಾರದು. ಕರೆಂಟು ಇದ್ದೇ ಇದೆ ಎಂದು ಗೊತ್ತಿರುವ ಕಡೆ ಮೊದಲು ಹಚ್ಚಿ ನೋಡಬೇಕು, ಆಮೇಲೆ ಕೆಲಸದ ತಂತಿಗೆ ಹಚ್ಚಬೇಕು, ಆಮೇಲೆ ಮತ್ತೆ ಮೊದಲಿನ ಜಾಗಕ್ಕೇ ಬಂದು ಹಚ್ಚಿ ನೋಡಬೇಕು. ನಡುವೆ ಮೀಟರು ಕೆಟ್ಟಿದ್ದರೆ ಆಗ ಸಿಕ್ಕಿಬೀಳುತ್ತದೆ. ಇದಕ್ಕೆ ನಾನಿಟ್ಟ ಹೆಸರು ಎರಡು ಸಾಕ್ಷಿ.

ಗೆಳತಿ ನಗುತ್ತಿದ್ದಳು. "ಎಷ್ಟ ಸಾಕ್ಷಿ ಕೇಳ್ತೀಯಲೇ? ಮೋಟರ್ ರಿಪೇರಿ ಮಾಡಾಕ ಬಂದೀಯೋ, ಕೋರ್ಟ್ ನಡಸಾಕ ಬಂದೀಯೋ?"

"ನಿನ್ನ ತಿಥಿ ಹೋಳಿಗಿ ತಿನ್ನೂ ಆಸೆ ನನಗಿಲ್ಲವ್ವಾ. ನೀನೂ ಎರಡ ಸಲ ನೋಡು" ಎನ್ನುತ್ತಿದ್ದೆ ನಾನು.

ಮಹಾನವಮಿಗೆ ನಮ್ಮ ಕಡೆ ಖಂಡೇಪೂಜೆ. ದುಡಿಯುವ ಸಾಮಾನನ್ನೆಲ್ಲ ತೊಳೆದು, ವಿಭೂತಿ ಎಳೆದು, ಭಂಡಾರ ಹಚ್ಚುತ್ತೇವೆ. ಭಂಡಾರ ಎಂದರೆ ದೇವರ ಅರಿಸಿನಪುಡಿ. ಇಕ್ಕಳ, ಸುತ್ತಿಗೆಗೆ ಹಚ್ಚಿದರೆ ಯಾರ ತಕರಾರೂ ಇಲ್ಲ. ಇವಳು ತನ್ನ ಮೀಟರನ್ನೂ ಒದ್ದೆ ಅರಿವೆಯಿಂದ ಒರೆಸಿ, ವೀಳ್ಯದೆಲೆಯಿಂದ ನೀರು ಚಿಮುಕಿಸಿ, ಮೇಲೆ ಹಿಡಿ ಭಂಡಾರ ಸುರಿದಳು.

"ಯವ್ವಾ, ತೂತಿನ್ಯಾಗ ನೀರ ಹೊಕ್ಕತೈತಿ! ಒಳಗ ಜಂಗ ಹಿಡಿತೈತಿ!" ಎಂದು ಕೂಗಿದೆ.

"ದೇವರ ನೀರಲೇ ಹುಚ್ಚಿ, ಅದೇನ ಮಾಡತೈತಿ?"

ನನ್ನದನ್ನು ನಾನು ಕೊಡಲಿಲ್ಲ. ಅದರ ಚೀಲಕ್ಕೆ ಮಾತ್ರ ಒಂದು ಬೊಟ್ಟು ಕುಂಕುಮ ಇಟ್ಟು ಕೈಮುಗಿದೆ. "ದೇವರಿಗೂ ಹೆದರಂಗಿಲ್ಲ ಈಕಿ" ಎಂದು ಅವಳು ಬಂದವರ ಮುಂದೆಲ್ಲ ಹೇಳಿ ನಗಿಸಿದಳು. ನಾನೂ ನಕ್ಕೆ.

ಬೇಸಿಗೆಯ ಹೊತ್ತಿಗೆ ಅವಳು ಹುಕ್ಕೇರಿಗೆ ಹೊರಟಳು. ಗಂಡನ ಊರು ಅದು, ಅಲ್ಲೇ ಸ್ವಂತ ಅಂಗಡಿ ಮಾಡುತ್ತೇನೆ ಎಂದಳು. ನಾನು ತಡೆಯಲಿಲ್ಲ. ಅವಳ ಪಾಲಿನ ಸಾಮಾನನ್ನು ಅವಳೇ ಚೀಲಕ್ಕೆ ತುಂಬಿಕೊಂಡಳು, ನಾನು ಹೊರಗೆ ಟಂಟಂ ಗಾಡಿಯವನ ಜೊತೆ ಜಗಳವಾಡುತ್ತಿದ್ದೆ. ಹೊರಡುವಾಗ ಇಬ್ಬರೂ ಅಪ್ಪಿಕೊಂಡು ಅತ್ತೆವು. ನನ್ನ ಕಣ್ಣೀರಂತೂ ಖರೆಯೇ ಇತ್ತು.

ಮೀಟರನ್ನು ಚೀಲದಿಂದ ತೆಗೆಯುವಂಥ ಕೆಲಸ ಬಾರದೆ ಕೆಲವು ದಿನ ಕಳೆದ ಮೇಲೆ ಮೂಡಲಗಿ ಕಡೆಯ ಕುಲಗೋಡದಿಂದ ಕರೆ ಬಂತು. ಕಬ್ಬಿನ ಹೊಲದಲ್ಲಿ ಪಂಪು ನಿಂತಿದೆ ಎಂದರು. ಬಸ್ಸು ಹಿಡಿದು ಹೋದೆ. ಅಲ್ಲಿ ಮೇನ್ ಸ್ವಿಚ್ಚು ಎಂದೋ ಸುಟ್ಟುಹೋಗಿ ತಂತಿಯನ್ನು ನೇರವಾಗಿ ಸ್ಟಾರ್ಟರಿಗೆ ಜೋಡಿಸಿಟ್ಟಿದ್ದರು. ಆಫ್ ಮಾಡೋಣವೆಂದರೆ ಏನೂ ಇರಲಿಲ್ಲ. "ಎಂಥಾ ಮಂದಿರೀ ನೀವು!" ಎಂದು ಬೈದೆ. ಹೊಲದ ಒಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಪಂಪಿನ ಲೈನಿನ್ಯಾಗ ಕರೆಂಟ್ ಹೋಗೇತ್ರಿ. ಬಿಚ್ಚರಿ, ಏನೂ ಆಗೂದಿಲ್ಲ."

ಪಂಪಿನ ಲೈನು ಬೇರೆ, ಪಕ್ಕದ ಗುಡಿಸಲಿನ ಲೈನು ಬೇರೆ. ಗುಡಿಸಲಲ್ಲಿ ಬಲ್ಬು ಉರಿಯುತ್ತಿತ್ತು. ಅಲ್ಲಿನ ಪ್ಲಗ್ಗಿಗೆ ಮೀಟರು ಹಚ್ಚಿದೆ, ಇನ್ನೂರ ಮೂವತ್ತು ತೋರಿಸಿತು. ಮೊದಲ ಸಾಕ್ಷಿ ಆಯಿತು. ಸ್ಟಾರ್ಟರಿನ ತಂತಿಗಳಿಗೆ ಹಚ್ಚಿದರೆ ಎಲ್ಲ ಕಡೆ ಸೊನ್ನೆ. ಒಡತಿ ಹೇಳಿದ್ದು ನಿಜವೇ ಎನ್ನಿಸಿತು. ಬಿಸಿಲಿಗೆ ನೆತ್ತಿ ಸುಡುತ್ತಿತ್ತು, ಗುಡಿಸಲಿಗೆ ಮತ್ತೆ ಹೋಗಲು ಬೇಸರ. ಹಾಳಾದ ಚಟ, ಆದರೂ ಹೋದೆ.

ಪ್ಲಗ್ಗಿಗೆ ಹಚ್ಚಿದೆ. ಸೊನ್ನೆ. ತಲೆಯ ಮೇಲೆ ಬಲ್ಬು ಉರಿಯುತ್ತಿದೆ, ಕೈಯಲ್ಲಿ ಮೀಟರು ಕರೆಂಟೇ ಇಲ್ಲ ಎನ್ನುತ್ತಿದೆ! ವೈರು ಅಲ್ಲಾಡಿಸಿದೆ. ಕೆಂಪು ವೈರಿನ ಬುಡವನ್ನು ಎಡಕ್ಕೆ ಒತ್ತಿ ಹಿಡಿದರೆ ಮಾತ್ರ ಅಂಕಿ ಬರುತ್ತಿತ್ತು, ಬಿಟ್ಟರೆ ಸತ್ತು ಹೋಗುತ್ತಿತ್ತು. ಹಾಗೆಯೇ ಒತ್ತಿ ಹಿಡಿದು ಸ್ಟಾರ್ಟರಿಗೆ ಹಚ್ಚಿದೆ. ನಾಲ್ಕುನೂರರ ಮೇಲೆ ತೋರಿಸಿತು. ನಾನು ಬರಿಗೈ ಹಾಕಬೇಕೆಂದಿದ್ದ ತಂತಿ ಅದು.

"ಯಾಕ್ರಿ ಅಕ್ಕಾರ, ಮಾರಿ ಹಿಂಗ್ಯಾಕ ಬೆಳ್ಳಗಾತು?" ಎನ್ನುತ್ತ ಒಡತಿ ಮಜ್ಜಿಗೆ ತಂದಳು. ಗಟಗಟನೆ ಕುಡಿದೆ.

ಇಷ್ಟು ಜೋಪಾನ ಮಾಡಿದ ಮೀಟರು ಹೀಗೇಕಾಯಿತು ಎಂದು ಅದನ್ನು ಬಿಸಿಲಿಗೆ ಹಿಡಿದು ತಿರುವಿ ನೋಡಿದೆ. ಗುಂಡಿಯ ಸುತ್ತಲಿನ ಸಂದಿಯಲ್ಲಿ ಹಳದಿ ಪುಡಿ ಗಟ್ಟಿಯಾಗಿ ಕೂತಿತ್ತು. ಭಂಡಾರ. ಇದು ನನ್ನ ಮೀಟರೇ ಅಲ್ಲ. ಗೆಳತಿ ತನ್ನದನ್ನು ಮೇಲೆಲ್ಲ ಸ್ವಚ್ಛ ಒರೆಸಿ, ನನ್ನ ಕುಂಕುಮದ ಚೀಲದೊಳಗೆ ಇಟ್ಟು ಹೋಗಿದ್ದಳು.

ಮರುದಿನವೇ ಘಟಪ್ರಭಾ ಊರಿನ ಮೇಲೆ ಹಾಯ್ದು ಹುಕ್ಕೇರಿಗೆ ಹೋದೆ. ದಾರಿಯುದ್ದಕ್ಕೂ ನನ್ನೊಂದಿಗೆ ನಾನೇ ವಾದ ಮಾಡಿದೆ. ಗಡಿಬಿಡಿಯಲ್ಲಿ ಅದಲುಬದಲಾಗಿರಬಹುದು, ಎರಡೂ ನೋಡಲು ಒಂದೇ ತಾನೆ? ಬೇಕೆಂದೇ ಒಯ್ದಿದ್ದರೂ ಒಯ್ಯಲಿ ಬಿಡು, ಕೇಳಿದ್ದರೆ ನಾನೇ ಕೊಡುತ್ತಿದ್ದೆ. ನನಗೆ ಬೇಕಿದ್ದದ್ದು ಒಂದೇ ಉತ್ತರ. ಬಿಟ್ಟುಹೋದ ಮೀಟರು ಸುಳ್ಳು ಹೇಳುತ್ತದೆಂದು ಅವಳಿಗೆ ಗೊತ್ತಿತ್ತೇ? ಗೊತ್ತಿಲ್ಲದಿರಲಿ ದೇವರೇ ಎಂದು ಬೇಡಿಕೊಂಡೆ. ದೇವರಿಗೂ ಹೆದರದವಳು ಅವತ್ತು ಬೇಡಿಕೊಂಡೆ.

ನನ್ನನ್ನು ನೋಡಿ ಅವಳ ಮುಖ ಅರಳಿತು. "ಬಾರಲೇ, ಬಾ! ಚಾ ತರಸ್ತೇನಿ." ಅವಳ ಹಿಂದೆ ಗೋಡೆಯ ಮೊಳೆಗೆ ನನ್ನ ಮೀಟರು ತೂಗುತ್ತಿತ್ತು. ನಾನು ಕೆಟ್ಟದ್ದನ್ನು ಮೇಜಿನ ಮೇಲಿಟ್ಟು, "ಇದು ನಿಂದು. ಕೆಟ್ಟೈತಿ. ನಿನ್ನಿ ಕುಲಗೋಡದಾಗ ಜೀವಾ ಹೋಗ್ತಿತ್ತು ನಂದು" ಎಂದೆ. ಎಲ್ಲಿ ಕೆಟ್ಟಿದೆ ಎಂದು ಹೇಳಲಿಲ್ಲ.

"ಅಯ್ಯ ಶಿವನ! ಗಡಬಿಡ್ಯಾಗ ಅದಲಿ ಬದಲಿ ಆಗೇತಲೇ. ಕೆಟ್ಟಿದ್ದು ಖರೇನ ಗೊತ್ತಿಲ್ಲ ನನಗ. ಬೇಕಾದ್ರ ಭಂಡಾರ ಮುಟ್ಟಿ ಹೇಳ್ತೇನಿ." ದೇವರ ಫೋಟೋದ ಮುಂದಿನ ಬಟ್ಟಲಿಗೆ ಕೈ ಹಾಕಿ ಮುಟ್ಟಿಯೇ ಬಿಟ್ಟಳು. ಭಂಡಾರ ಮುಟ್ಟಿ ಆಣೆ ಮಾಡಿದರೆ ನಮ್ಮಲ್ಲಿ ಅದೇ ಕೊನೆಯ ಮಾತು. ನನ್ನ ಎದೆಯ ಭಾರ ಇಳಿಯಿತು. ಚಹಾ ಬಂತು, ಕುಡಿದೆ. ಅವಳ ಹೊಸ ಅಂಗಡಿಯನ್ನು ಹೊಗಳಿದೆ ಕೂಡ.

ಅಷ್ಟರಲ್ಲಿ ಕಿರಾಣಿ ಅಂಗಡಿಯ ಕಾಕಾ ಒಬ್ಬರು ಪ್ಲಗ್ಗಿನ ಬೋರ್ಡು ಹಿಡಿದು ಬಂದರು. "ಇದರಾಗ ಕರೆಂಟ್ ಬರತೈತೋ ಇಲ್ಲೋ ನೋಡವಾ." ಅವಳು ನನ್ನೊಂದಿಗೆ ಮಾತಾಡುತ್ತಲೇ ಬೋರ್ಡಿಗೆ ಕರೆಂಟು ಕೊಟ್ಟು, ಮೇಜಿನ ಮೇಲೆ ಕೈಗೆ ಸಿಕ್ಕ ಮೀಟರನ್ನೇ ಎತ್ತಿಕೊಂಡಳು. ಎರಡೂ ವೈರುಗಳ ಮೊನೆಯನ್ನು ಬಲಗೈಯಲ್ಲಿ ಹಿಡಿದು ಬೋರ್ಡಿನ ತೂತಿಗೆ ಹಚ್ಚಿದಳು. ಎಡಗೈಯ ಹೆಬ್ಬೆರಳು ತಾನಾಗಿಯೇ ಹೋಗಿ ಕೆಂಪು ವೈರಿನ ಬುಡವನ್ನು ಎಡಕ್ಕೆ ಒತ್ತಿ ಹಿಡಿಯಿತು. ಆ ಕಡೆ ಅವಳು ನೋಡಲೂ ಇಲ್ಲ. ಬೆರಳಿಗೆ ರೂಢಿಯಾಗಿತ್ತು.

ಪರದೆಯ ಮೇಲೆ ಇನ್ನೂರ ಮೂವತ್ತು ಬಂತು.

"ಹೆಬ್ಬಟ್ಟ ತಗಿ" ಎಂದೆ.

ಅವಳು ತನ್ನ ಹೆಬ್ಬೆರಳನ್ನು ಈಗ ನೋಡಿದಳು. ತೆಗೆದಳು. ಅಂಕಿ ಸೊನ್ನೆಯಾಯಿತು. ಕಾಕಾ ನಮ್ಮಿಬ್ಬರ ಮುಖವನ್ನೂ ನೋಡಿದರು.

ಅವಳು ತಲೆ ಎತ್ತದೆ ಹೇಳಿದಳು: "ನೀ ಹೆಂಗಿದ್ರೂ ಎರಡ ಸಲ ನೋಡ್ತಿ ಅಲ್ಲಾ."

ನಾನು ಎದ್ದೆ. ಮೊಳೆಯಲ್ಲಿದ್ದ ನನ್ನ ಮೀಟರನ್ನು ತೆಗೆದುಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆದೆ.