ಬಾಂದ್ರಾದಿಂದ ಬರುತ್ತಿದ್ದ ಇಸ್ಪೀಟೆಲೆ

ಮುಂಬಯಿ ಫೋರ್ಟಿನ ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಖಾಲಿಯಾದ ಮೇಲೆ ನಾವು ನಾಲ್ವರು ಇಸ್ಪೀಟು ಆಡುತ್ತಿದ್ದೆವು. ಆಟ ಮೆಂಡಿಕೋಟ್. ಲೋಕಲ್‌ನಲ್ಲಿ ಜನ ಸೂಟ್‌ಕೇಸನ್ನು ತೊಡೆಯ ಮೇಲಿಟ್ಟುಕೊಂಡು ಆಡುತ್ತಾರಲ್ಲ, ಅದೇ. ಎದುರುಬದುರು ಕೂತವರು ಜೋಡಿ. ಮೊದಲು ಆಟೀನು, ಅಂದರೆ ಕೆಂಪು ಹಾರ್ಟ್, ಬಿದ್ದರೆ ಎಲ್ಲರೂ ಆಟೀನೇ ಹಾಕಬೇಕು. ಕೈಯಲ್ಲಿ ಇಲ್ಲದಿದ್ದರೆ ಮಾತ್ರ ಬೇರೆ ಎಲೆ.

ನಾನಾಗ ಧಾರವಾಡದಿಂದ ಬಂದು ಕಂಪ್ಯೂಟರ್ ಸೆಕ್ಷನ್ನಿಗೆ ಸೇರಿ ಬಹಳ ಕಾಲವಾಗಿರಲಿಲ್ಲ. ನನ್ನ ಜೋಡಿ ಗಿರ್ಗಾಂವಿನ ಮರಾಠಿ ಕ್ಯಾಶಿಯರ್. ಎದುರು ಜೋಡಿಯಲ್ಲಿ ಒಬ್ಬರು ಅಕೌಂಟ್ಸ್‌ನ ಹಿರಿಯರು. ಮೈಸೂರಿನವರು, ಸಾಂತಾಕ್ರೂಜ್‌ನಲ್ಲಿ ಮನೆ, ನಿವೃತ್ತಿಗೆ ಹತ್ತಿರ ಬಂದವರು. ಎಲ್ಲರ ಬಾಯಲ್ಲೂ ಅವರು ಸರ್. ಇನ್ನೊಬ್ಬರು ಟೆಲಿಫೋನ್ ಬೋರ್ಡಿನ ಅಕ್ಕ, ಉಡುಪಿ ಕಡೆಯವರು. ಅಕ್ಕನ ಬಾಯಿ ಆಟದುದ್ದಕ್ಕೂ ನಡೆದೇ ಇರುತ್ತಿತ್ತು. "ಕಳಾವರು ಬಿತ್ತು ಸರ್, ಕಳಾವರು. ಇನ್ನು ನಿಮ್ಮದೇ." ದಿನವಿಡೀ ಫೋನಿನಲ್ಲಿ ಮಾತಾಡುವವರಿಗೆ ಅದು ಅಭ್ಯಾಸ ಎಂದುಕೊಂಡಿದ್ದೆ. ಗೆಲ್ಲುತ್ತಿದ್ದದ್ದು ಹೆಚ್ಚಾಗಿ ಅವರಿಬ್ಬರೇ. ಸರ್ ಆಗ ಕನ್ನಡಕ ತೆಗೆದು ಒರೆಸಿಕೊಂಡು ಮಗುವಿನ ಹಾಗೆ ನಗುತ್ತಿದ್ದರು.

ಹೀಗಿರುವಾಗ ಅಕೌಂಟ್ಸ್ ಸೆಕ್ಷನ್ನನ್ನೇ ಬಾಂದ್ರಾಕ್ಕೆ ಸಾಗಿಸಿದರು. ಸರ್‌ಗೆ ಮನೆಯಿಂದ ಹತ್ತಿರವಾಯಿತು, ಆದರೆ ಅಲ್ಲಿ ಪರಿಚಯದ ಮುಖಗಳು ಕಡಿಮೆ. ಮಧ್ಯಾಹ್ನವಾದರೆ ಫೋನ್ ಬರುತ್ತಿತ್ತು. ಒಂದು ದಿನ ನನ್ನನ್ನೇ ಕೇಳಿದರು.

"ಏನಮ್ಮಾ, ಸಾಯಂಕಾಲ ಇಲ್ಲಿನ ಲೆಕ್ಕವೆಲ್ಲ ತಂತಿ ಮೇಲೆ ನಿಮ್ಮ ಮಿಷನ್ನಿಗೆ ಬರುತ್ತಲ್ಲ. ನಾಲ್ಕು ಇಸ್ಪೀಟೆಲೆ ಬರಲ್ವಾ?"

"ಬರತಾವ ಸರ. ನೋಡೇ ಬಿಡ್ತೀನಿ," ಎಂದೆ.

ಹುರುಪು ಹುಟ್ಟಿತು. ಆಗ ನಮ್ಮಲ್ಲಿದ್ದದ್ದು ಒಂದೇ ದೊಡ್ಡ ಯಂತ್ರ. ಅದಕ್ಕೆ ಜೋಡಿಸಿದ ಪರದೆಗಳು ಫೋರ್ಟಿನಲ್ಲಿ ಹಲವು, ಟೆಲಿಫೋನ್ ಲೈನಿನ ಆ ತುದಿಯಲ್ಲಿ ಬಾಂದ್ರಾದಲ್ಲಿ ಒಂದು. ಕಪ್ಪು ಪರದೆ, ಹಸಿರು ಇಂಗ್ಲಿಷ್ ಅಕ್ಷರ. ಚಿತ್ರ ಬರೆಯುವ ಹಾಗಿರಲಿಲ್ಲ. ಎಲೆ ಕಲೆಸುವುದು, ಹಂಚುವುದು, ಒಬ್ಬರ ಎಲೆ ಇನ್ನೊಬ್ಬರಿಗೆ ಕಾಣದಂತೆ ಮಾಡುವುದು, ಎಲ್ಲವನ್ನೂ ಒಂದೊಂದಾಗಿ ಬರೆದೆ. ಇರುವ ಆಟೀನನ್ನು ಬಿಟ್ಟು ಬೇರೆ ಎಲೆ ಒತ್ತಿದರೆ ಯಂತ್ರ ಅದನ್ನು ತೆಗೆದುಕೊಳ್ಳದೆ ಪೀಂ ಎನ್ನಬೇಕು, ನಾಲ್ಕೂ ಪರದೆಗಳಲ್ಲಿ 'ರಾಂಗ್ ಕಾರ್ಡ್' ಎಂದು ಮೂಡಬೇಕು. ಇದನ್ನು ಬರೆದ ದಿನ ನನಗೆ ಬಹಳ ಖುಷಿಯಾಗಿತ್ತು. ಮೇಜಿನ ಮೇಲೆ ಯಾರಾದರೂ ಮೋಸ ಮಾಡಬಹುದು, ಇಲ್ಲಿ ಸಾಧ್ಯವೇ ಇಲ್ಲ ಎಂದು ಕ್ಯಾಶಿಯರ್ ಮುಂದೆ ಕೊಚ್ಚಿಕೊಂಡೆ. ಅವರು ಯಾಕೋ ನಗಲಿಲ್ಲ.

ಅಕ್ಕನಿಗಂತೂ ಮೊದಲಿನಿಂದಲೂ ಇದು ಬೇಡವಾಗಿತ್ತು.

"ಅದ್ರಲ್ಲಿ ಆಡುವಾಗ ಮಾತಾಡ್ಲಿಕ್ಕೆ ಆಗ್ತದಾ?"

"ಇಲ್ರೀ ಅಕ್ಕಾರ. ಆಡೂದಷ್ಟ."

"ಹಾಗಾದ್ರೆ ಬೇಡ ಮಾರಾಯ್ತಿ. ಸುಮ್ಮನೆ ಯಾಕೆ?"

ಆದರೂ ಮೊದಲ ದಿನ ಬಂದು ಕೂತರು. ಎರಡನೆಯ ಸುತ್ತಿಗೇ ಪೀಂ ಎಂದಿತು. ಬಾಂದ್ರಾದಿಂದ ತಪ್ಪು ಎಲೆ. ಮತ್ತೆ ಪೀಂ. ಅಭ್ಯಾಸವಿಲ್ಲ, ಕೀಲಿ ತಪ್ಪಿ ಒತ್ತಿರುತ್ತಾರೆ ಎಂದುಕೊಂಡೆವು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಕ್ಯಾಶಿಯರ್ ಪರದೆ ನೋಡುವುದನ್ನು ಬಿಟ್ಟು ಕಿಟಕಿ ಕಡೆ ಮುಖ ಮಾಡುತ್ತಿದ್ದರು. ನನ್ನ ಪ್ರೋಗ್ರಾಮಿನಲ್ಲೇ ಎಲ್ಲೋ ದೋಷವಿದೆ, ಫೋನ್ ಲೈನಿನಲ್ಲಿ ಅಕ್ಷರ ಕೆಡುತ್ತಿದೆ ಎಂದು ಸಾಲು ಸಾಲು ಜಾಲಾಡಿದೆ. ಏನೂ ಸಿಗಲಿಲ್ಲ. ಕೊನೆಗೆ ಮೇಲಿನವರಿಗೆ ಲೈನ್ ಪರೀಕ್ಷೆ ಎಂದು ಹೇಳಿ ಚರ್ಚ್‌ಗೇಟಿನಿಂದ ಲೋಕಲ್ ಹಿಡಿದು ಬಾಂದ್ರಾಕ್ಕೆ ಹೋದೆ.

ಆಟದ ಹೊತ್ತಿಗೆ ಸರ್ ಪಕ್ಕದಲ್ಲೇ ಕೂತೆ. ನನ್ನ ಬದಲು ಫೋರ್ಟಿನಲ್ಲಿ ಸೆಕ್ಷನ್ನಿನ ಗೆಳತಿಯೊಬ್ಬಳು ಆಡುತ್ತಿದ್ದಳು. ಪರದೆಯ ಮೇಲೆ ಆಟೀನು ಬಿದ್ದಿತ್ತು. ಸರ್ ಬಳಿ ಮೂರು ಆಟೀನು ಇದ್ದವು. ಅವರು ಕಳಾವರಿನ ಎಲೆ ಒತ್ತಿದರು. ಪೀಂ.

"ಈಗ ಯಾವುದು ನಡೀತಿದೆ?" ಎಂದರು.

"ಆಟೀನ ಸರ. ಇಲ್ಲೇ ಐತಲ್ಲ, ನೋಡ್ರಿ."

"ಹೌದು, ಹೌದು." ಪರದೆಯನ್ನು ನೋಡಿದರು, ತಮ್ಮ ಬೆರಳುಗಳನ್ನು ನೋಡಿದರು. ಮತ್ತೆ ಕಳಾವರಿನ ಎಲೆಯನ್ನೇ ಒತ್ತಿದರು. ಯಂತ್ರ ಮತ್ತೆ ಅರಚಿತು. ಅವರ ಕಿವಿಯವರೆಗೂ ಕೆಂಪೇರಿತು. "ಈ ಪೆಟ್ಟಿಗೆ ಸರಿಯಿಲ್ಲಮ್ಮ. ನನ್ನನ್ನ ಅವಮಾನ ಮಾಡೋಕೇ ಇಟ್ಟಿದ್ದಾರೆ ಇದನ್ನ." ಆಮೇಲೆ ನನ್ನ ಕಡೆ ತಿರುಗಿ ಮೃದುವಾಗಿ ಕೇಳಿದರು, "ನೀನು ಯಾವಾಗ ಬಂದೆ?"

ನಾನು ಬಂದು ಅವರ ಜೊತೆಯಲ್ಲೇ ಚಹಾ ಕುಡಿದಿದ್ದೆ. "ಈಗಷ್ಟ ಬಂದೆ ಸರ," ಎಂದೆ.

ಫೋರ್ಟಿಗೆ ಮರಳಿ ಟೆಲಿಫೋನ್ ಬೋರ್ಡಿನ ಹತ್ತಿರ ನಿಂತೆ. ಅಕ್ಕ ನನ್ನ ಮುಖ ನೋಡಿಯೇ ತಲೆಗೆ ಹಾಕಿದ್ದ ಹೆಡ್‌ಫೋನ್ ತೆಗೆದಿಟ್ಟರು.

"ಗೊತ್ತಾಯ್ತಲ್ಲ?"

"ನಿಮಗ ಎಂದಿನಿಂದ ಗೊತ್ತೈತ್ರೀ?"

"ವರ್ಷದ ಮೇಲಾಯ್ತು. ಒಂದೇ ನಂಬರನ್ನು ಎರಡೆರಡು ಸಲ ಕೇಳ್ತಿದ್ರು. ಆಮೇಲೆ ಆಟದಲ್ಲೂ ಹಾಗೇ. ಅದಕ್ಕೇ ಪ್ರತಿ ಸುತ್ತಿಗೂ ಬಾಯಿಬಿಟ್ಟು ಹೇಳ್ತಿದ್ದೆ. ತಪ್ಪು ಹಾಕಿದ್ರೆ ಎರಡು ಎಲೆ ಅಂಟಿಕೊಂಡು ಬಂತು ಸರ್ ಅಂತ ವಾಪಸ್ ಕೊಡ್ತಿದ್ದೆ. ಕ್ಯಾಶಿಯರಿಗೂ ಗೊತ್ತುಂಟು. ಅವರೇನು ನೋಡೋದಿಲ್ವಾ?"

ಗೊತ್ತಿಲ್ಲದೆ ಇದ್ದದ್ದು ನನಗೊಬ್ಬಳಿಗೇ. "ಯಾರಿಗರ ಹೇಳಬೇಕಿತ್ತಲ್ರೀ ಅಕ್ಕಾರ?"

"ಹೇಳಿದ್ರೆ ಅವರ ಕೆಲಸ ಹೋಗ್ತದೆ. ಇನ್ನು ಸ್ವಲ್ಪ ದಿನ, ಮರ್ಯಾದೆಯಲ್ಲಿ ನಿವೃತ್ತಿ ಆಗ್ಲಿ. ನೀನು ಆ ಕೂಗುವುದನ್ನು ತೆಗಿ. ನಾನು ಹೇಳ್ತಿದ್ದ ಹಾಗೆ ಅದೂ ಹೇಳಲಿ."

ಹಾಗೇ ಮಾಡಿದೆ. ಪೀಂ ತೆಗೆದೆ, 'ರಾಂಗ್ ಕಾರ್ಡ್' ತೆಗೆದೆ. ಅವರ ಸರದಿ ಬಂದಾಗ ಅವರ ಪರದೆಯ ಮೇಲೆ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡುತ್ತಿತ್ತು: ಸರ್, ಆಟೀನು ಬಿತ್ತು, ನಿಮ್ಮ ಹತ್ತಿರ ಇವಿಷ್ಟು ಆಟೀನು ಇವೆ. ಹಾಕಬಹುದಾದ ಎಲೆಗಳನ್ನಷ್ಟೇ ತೋರಿಸಿ ಉಳಿದವನ್ನು ಮುಚ್ಚಿಡುವಂತೆಯೂ ಮಾಡಿದೆ. ಕೆಲವು ವಾರ ಆಟ ಚೆನ್ನಾಗಿ ನಡೆಯಿತು. "ಈಗ ಸರಿ ಮಾಡಿದೆ ನೋಡಮ್ಮ ನಿನ್ನ ಪೆಟ್ಟಿಗೇನ," ಎಂದು ಫೋನಿನಲ್ಲಿ ನಕ್ಕರು. ನನಗೆ ನಗು ಬರಲಿಲ್ಲ. ಸಂಜೆ ಬಾಂದ್ರಾದಿಂದ ಬರುವ ಲೆಕ್ಕ ತಾಳೆಯಾಗದೆ ನಿಂತಾಗಲೆಲ್ಲ ಅದನ್ನು ಯಾರು ಬರೆದಿರಬಹುದೆಂದು ಯೋಚನೆ ಹತ್ತುತ್ತಿತ್ತು. ಹೇಳಿಬಿಡಬೇಕೆಂದು ಸಾಹೇಬರ ಕೋಣೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದದ್ದೂ ಉಂಟು.

ಒಂದು ಮಧ್ಯಾಹ್ನ ಸರ್ ಸರದಿ ಬಂತು, ಎಲೆ ಬರಲಿಲ್ಲ. ಕಾದೆವು. ಅಕ್ಕ ಬಾಂದ್ರಾಕ್ಕೆ ಫೋನ್ ಹಚ್ಚಿದರು. ಆಟದ ನಡುವೆಯೇ ಎದ್ದು ಹೊರಗೆ ಹೋದವರು ಮರಳಿ ಬಂದಿರಲಿಲ್ಲ. ಚೀಲ ಕುರ್ಚಿಗೇ ನೇತುಬಿದ್ದಿತ್ತು. ಸಂಜೆ, ಅವರ ಮನೆಗಿಂತ ಎಷ್ಟೋ ದೂರದ ಬೋರಿವಿಲಿ ಸ್ಟೇಷನ್ನಿನ ಬೆಂಚಿನ ಮೇಲೆ ಸಿಕ್ಕರು. ಅವರ ಮನೆಯ ಪಕ್ಕದ ಬಿಲ್ಡಿಂಗಿನವರು ಯಾರೋ ಗುರುತು ಹಿಡಿದು ಮನೆಗೆ ಕರೆದುಕೊಂಡು ಹೋದರಂತೆ. ಸರ್ ಮತ್ತೆ ಆಫೀಸಿಗೆ ಬರಲಿಲ್ಲ. ಆರೋಗ್ಯದ ಕಾರಣಕ್ಕೆ ಬೇಗ ನಿವೃತ್ತಿ ಎಂದಾಯಿತು.

ಅಕ್ಕ, ನಾನು ಒಂದು ಭಾನುವಾರ ಸಾಂತಾಕ್ರೂಜ್‌ಗೆ ಹೋದೆವು. ಸರ್ ನಮ್ಮನ್ನು ಕಂಡು ಕೈಮುಗಿದರು, ಊಟ ಮಾಡಿಕೊಂಡೇ ಹೋಗಬೇಕು ಎಂದರು, ಯಾರೆಂದು ತಿಳಿದಂತಿರಲಿಲ್ಲ. ಅವರ ಹೆಂಡತಿ ಕಾಫಿ ಕೊಟ್ಟು, ಹೊರಡುವಾಗ ಮನೆ ಬಾಗಿಲು ಮುಂದಕ್ಕೆ ಮಾಡಿಕೊಂಡು ಲಿಫ್ಟಿನವರೆಗೆ ಬಂದು ಕೇಳಿದರು.

"ನಿಮಗೆ ಮೊದಲೇ ಗೊತ್ತಿತ್ತಾ?"

ಅಕ್ಕ ಹೌದೆಂದು ತಲೆಯಾಡಿಸಿದರು. "ಅವರಿಗೆ ನೋವಾಗ್ಬಾರ್ದು ಅಂತ ನಾವು..."

"ಡಾಕ್ಟರ ಹತ್ರ ಹೋಗೋಣ ಅಂತ ನಾನು ಎಷ್ಟು ಗೋಗರೆದೆ. ಆಫೀಸಲ್ಲಿ ದಿನಾ ಇಸ್ಪೀಟಲ್ಲಿ ಗೆಲ್ತೀನಿ, ನನಗೇನಾಗಿದೆ ಅಂತ ಜಗಳಕ್ಕೆ ನಿಲ್ತಿದ್ರು. ದಿನಾ ಗೆಲ್ಲೋರಿಗೆ ಏನಾಗಿರತ್ತೆ, ನನಗೇ ಭ್ರಮೆ ಅಂತ ಸುಮ್ಮನಾದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಹೋಗಲಿ ಬಿಡಿ. ಮೊದಲೇ ಹೋಗಿದ್ರೂ ಏನು ಮಾಡೋಕಾಗ್ತಿತ್ತೋ."

ನಾವು ಮೆಟ್ಟಿಲಿಳಿದೇ ಹೋದೆವು. ಸ್ಟೇಷನ್ನಿನವರೆಗೆ ನಡೆದೇ ಬಂದೆವು. ಪ್ಲಾಟ್‌ಫಾರ್ಮಿನಲ್ಲಿ ಚರ್ಚ್‌ಗೇಟ್ ಲೋಕಲ್ ಬಂದು ನಿಂತಿತು. ಭಾನುವಾರವಾದ್ದರಿಂದ ಸೀಟುಗಳು ಖಾಲಿಯಿದ್ದವು. ಅದು ನಮ್ಮದೇ ಗಾಡಿ, ಆದರೂ ನಾವಿಬ್ಬರೂ ಹತ್ತಲಿಲ್ಲ, ಅದು ಹೋದ ಮೇಲೂ ಹಾಗೇ ನಿಂತಿದ್ದೆವು.